ಎಡಗಡೆಯ ಗಿರ್ರು

ಮೊದಲು ಅದು ತಂಡೇಲ ವಾಸು ಕಾಂಚನರ ಗಂಟಲೆಂದೇ ತಿಳಿದೆ.
ಮೂವತ್ತು ವರ್ಷ ಎಂಜಿನಿನ ಮೇಲೆ ಕೂಗಿ ಮಾತಾಡಿದವರು,
ದನಿಯಲ್ಲಿ ಅಷ್ಟು ತುಕ್ಕು ಇದ್ದೀತು.
"ಎದುರಿನ ಬೋಟಿಗೆ ದೀಪ ಇತ್ತಾ?"
ವಕೀಲ ಬಲ್ಲಾಳರ ಪ್ರಶ್ನೆ, ನುಣುಪು.
"ಇರಲಿಲ್ಲ."
ಗಿರ್ರ್.
"ನೀವೇ ನೋಡಿದ್ದಾ?"
"ನಾನಲ್ಲದೆ ಮತ್ಯಾರು?"
ಗಿರ್ರ್ರ್.

ಕೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ,
ಪುಟಕ್ಕೆ ಹದಿನೆಂಟು ರೂಪಾಯಿ,
ಬೋಳಾರದ ಈ ಒಂದೂವರೆ ಕೋಣೆಯಲ್ಲಿ.
ಗಿರ್ರಿಗೆ ಅಕ್ಷರವಿಲ್ಲ. ದುಡ್ಡೂ ಇಲ್ಲ.

ಹೆಡ್‌ಫೋನು ಸಿಕ್ಕಿಸಿದೆ.
ತಂಡೇಲರ ದನಿ ಇಳಿದಿಳಿದು ತಳ ಮುಟ್ಟಿತು,
ಎಲ್ಲೂ ಒಡಕಿಲ್ಲ, ತುಂಬಿದ ಹಂಡೆ.
ಹಾಗಾದರೆ ಮನುಷ್ಯ ಸಮ, ರೆಕಾರ್ಡಿಂಗೂ ಸಮ,
ಸುಳ್ಳು ಹೇಳುತ್ತಿರುವುದು ನನ್ನ ಲ್ಯಾಪ್‌ಟಾಪು.
ಹೆಡ್‌ಫೋನಿನಲ್ಲೇ ಮುಗಿಸಬಹುದಿತ್ತಲ್ಲ ಎನ್ನಬೇಡಿ.
ಈ ಸೆಕೆಗೆ ಎರಡು ಕಿವಿಗೆ ಎರಡು ಕಂಬಳಿ ಹೊದೆಸಿ
ಒಮ್ಮೆ ಕೂತು ನೋಡಿ, ಮಾರಾಯ್ರೆ.

ವಾಲ್ಯೂಮು ಅರವತ್ತಕ್ಕೆ ಇಳಿಸಿದೆ. ಮೂವತ್ತಕ್ಕೆ.
ಸಣ್ಣದಾಯಿತು, ಹೋಗಲಿಲ್ಲ.
ದನಿಯನ್ನು ಚಂದ ಮಾಡುವ ಟಿಕ್ಕುಗಳನ್ನೆಲ್ಲ ತೆಗೆದೆ.
ಡ್ರೈವರು ಅಳಿಸಿ ಮತ್ತೆ ಹಾಕಿದೆ;
ಅರ್ಧ ಗಂಟೆ ಯಂತ್ರ ಮೂಕವಾಗಿತ್ತು, ನಾನೂ.
ಮೇಜಿನ ನಡುಕವೋ ಎಂದು ಮಡಿಲಲ್ಲಿಟ್ಟೆ.
ಸ್ಟೀಲು ಲೋಟ, ಅದರ ಮುಚ್ಚಳ, ಗುಂಡುಸೂಜಿಯ ಡಬ್ಬ,
ಕಿಟಕಿಯ ಸಡಿಲ ಗಾಜು,
ಒಂದೊಂದಕ್ಕೂ ಬೆರಳಿಟ್ಟು ವಿಚಾರಿಸಿದೆ.
ಎಲ್ಲರೂ ನಿರಪರಾಧಿಗಳು.

ಆಮೇಲೆ ಬರೇ ಸ್ವರ ಹಾಕಿದೆ, ಮಾತಿಲ್ಲದ್ದು,
ತಳದಿಂದ ಮೆಲ್ಲ ಏರುವ ಒಂದೇ ಗೆರೆ.
ನೂರು, ನೂರ ಇಪ್ಪತ್ತು, ನೂರೈವತ್ತು, ಏನಿಲ್ಲ.
ನೂರ ಎಪ್ಪತ್ತಕ್ಕೆ ಅಗೋ,
ಡಬ್ಬದಲ್ಲಿ ಸಿಕ್ಕಿಬಿದ್ದ ದುಂಬಿ!
ನೂರ ತೊಂಬತ್ತಕ್ಕೆ ಮತ್ತೆ ಅದಕ್ಕೆ ನಿದ್ದೆ.
ಅಂದರೆ ತಂಡೇಲರ ಮೇಲೆ ಅದಕ್ಕೆ ಸಂಶಯವೇನಿಲ್ಲ,
ಅವರು "ಲ್ಲ" ಎಂದು ನಿಲ್ಲುವ ಆ ಒಂದು ಮೆಟ್ಟಿಲು
ಅದರ ಮೆಟ್ಟಿಲೂ ಹೌದು, ಅಷ್ಟೇ.

ಎಡ ಅಂಗೈ ಊರುವ ಜಾಗವನ್ನು ಹೆಬ್ಬೆರಳಿಂದ ಒತ್ತಿದರೆ ಸುಮ್ಮನಾಗುತ್ತದೆ.
ಬಿಟ್ಟರೆ ಶುರು.
ಎರಡು ದಿನ ಹಾಗೇ ಒತ್ತಿ ಹಿಡಿದು ಬಲಗೈಯಲ್ಲಿ ಟೈಪು ಮಾಡಿದೆ,
ಹಲ್ಲುನೋವಿನವರು ಕೆನ್ನೆ ಹಿಡಿದು ಊಟ ಮಾಡಿದ ಹಾಗೆ.

ಮೂರನೆಯ ದಿನ ಹಂಪನಕಟ್ಟೆ,
ಮೆಟ್ಟಿಲ ಕೆಳಗಿನ ಬಾಸಿಲ್ ಕ್ರಾಸ್ತಾನ ಅಂಗಡಿ.
ಅಲ್ಲಿ ಅದು ಗಿರ್ರೆನ್ನಲೇ ಇಲ್ಲ, ನೋಡಿ.
ಹೊರಗೆ ಕಂಡಕ್ಟರು ಬಸ್ಸಿನ ತಗಡು ಬಡಿದು
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎನ್ನುವಾಗ
ಯಾರ ಸಣ್ಣ ಗಿರ್ರು ಯಾರಿಗೆ ಕೇಳಬೇಕು?
ಬಾಸಿಲ್ ಯಂತ್ರಕ್ಕೆ ಕಿವಿ ಅಂಟಿಸಿ ಕಣ್ಣು ಮುಚ್ಚಿದ.
"ಉಂಟು."

ಹತ್ತು ತಿರುಪು,
ಎರಡು ರಬ್ಬರ್ ಕಾಲಿನ ಅಡಿ ಅಡಗಿದ್ದವು.
ಧೂಳು, ಇರುವೆಯೊಂದರ ಒಣ ಹೆಣ,
ಕಡಲಗಾಳಿ ಬಿಟ್ಟುಹೋದ ಬಿಳಿಯ ಉಪ್ಪುಗೆರೆ.
"ಪೊರೆ ಹರಿದಿಲ್ಲ ಅಕ್ಕ. ಹರಿದಿದ್ದರೆ ಸಾವಿರದ ನೂರು."
ಚಿಮುಟದಲ್ಲಿ ಎತ್ತಿ ತೋರಿಸಿದ
ಒಂದು ಸ್ಟೇಪ್ಲರ್ ಪಿನ್ನು.
ಒಂದು ಕಾಲು ಮಡಚಿದ್ದು, ಇನ್ನೊಂದು ನೆಟ್ಟಗೆ,
ಜಾಲರಿಯ ಸಂದಿಯಲ್ಲಿ ಇಳಿದು
ಅಯಸ್ಕಾಂತಕ್ಕೆ ಜೋತುಬಿದ್ದಿತ್ತಂತೆ.
"ಕಬ್ಬಿಣ ಹತ್ತಿರ ಬಂದರೆ ಅದು ಬಿಡುವುದಿಲ್ಲ.
ಕಡತ ತಂದು ಇದರ ಮೇಲೆ ಇಡುವುದು ಬೇಡ ಆಯ್ತಾ."
ಐವತ್ತು ರೂಪಾಯಿ.

ಮನೆಗೆ ಬಂದು ಹಾಕಿ ಕೇಳಿದೆ.
"ದೀಪ ಇತ್ತಾ?"
"ಇರಲಿಲ್ಲ."
ಎರಡೂ ನುಣುಪು.
ತಂಡೇಲರನ್ನು ನಂಬಲು ಈಗ ಸ್ವಲ್ಪ ಕಷ್ಟವಾಗುತ್ತದೆ.

ಪಿನ್ನು ಬೆಂಕಿಪೆಟ್ಟಿಗೆಯಲ್ಲಿದೆ.
ಗೋಡೆಬದಿಯಲ್ಲಿ ನಲವತ್ತೇಳು ಕಡತ.
ಯಾವುದರದೋ ಮೂಲೆಯಲ್ಲಿ ಎರಡು ತೂತು ಮಾತ್ರ ಉಳಿದು
ಹಾಳೆಗಳು ಒಂದರ ಮೇಲೊಂದು
ಬರೇ ನಂಬಿಕೆಯಲ್ಲಿ ಕೂತಿವೆ.
ಬೆನ್ನೆಲ್ಲ ಬೆವರು.
ಫ್ಯಾನನ್ನು ಎರಡರಿಂದ ಮೇಲೆ ತಿರುಗಿಸಲು ಧೈರ್ಯವಿಲ್ಲ.